ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರಾ?

ಕಲಬುರಗಿಯಲ್ಲಿ ವಕೀಲಿ ಮಾಡುತ್ತೇನೆ ಅಂದ ಕೂಡಲೇ, ಮದುವೆ ಮನೆಯಾಗಲಿ, ಸೂಪರ್ ಮಾರ್ಕೆಟ್ ಹತ್ತಿರದ ಚಹಾ ಅಂಗಡಿಯಾಗಲಿ, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಎದುರಿಗಿದ್ದವ್ರು ಸುಳ್ಳು ಹೇಳ್ಲಿಕತ್ತಾರಂತ ಹೆಂಗ ಗೊತ್ತಾಗ್ತದರಿ ಮೇಡಂ? ಕಣ್ಣಾಗ ಕಣ್ಣಿಟ್ಟು ನೋಡಿದ್ರ ಸಾಕಲ್ರಿ?"

ಸಾಕಾಗುವುದಿಲ್ಲ. ಮುಖ ನೋಡಿ ಸುಳ್ಳು ಹಿಡಿಯಲು ನನಗೆ ಬರುವುದಿಲ್ಲ, ಜಾಸ್ತಿ ಜನಕ್ಕೆ ಬರುವುದೇ ಇಲ್ಲ. ಬಾಂಡ್ ಮತ್ತು ಡಿಪೌಲೊ ಎಂಬ ಇಬ್ಬರು ಮನೋವಿಜ್ಞಾನಿಗಳು 24 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟು ಹಾಕಿ 2006ರಲ್ಲಿ ಲೆಕ್ಕ ಕೊಟ್ಟರು. ಯಾವುದು ಸುಳ್ಳು, ಯಾವುದು ನಿಜ ಅಂತ ಜನ ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ಸುಮ್ನೆ ನಾಣ್ಯ ಚಿಮ್ಮಿದರೂ 50 ಬರುತ್ತದೆ ಅಲ್ವಾ?

ನಮ್ಮ ಕಡೆ ಇನ್ನೊಂದು ತೊಡಕಿದೆ. ತಲೆ ತಗ್ಗಿಸಿ ಮಾತಾಡುವುದು ಇಲ್ಲಿ ಮರ್ಯಾದೆ. ಚಿತ್ತಾಪುರ ಕಡೆಯ ಅಜ್ಜ ಒಬ್ಬರು ಹೊಲದ ಬದುವಿನ ತಕರಾರು ಹಿಡಿದು ಬಂದಿದ್ದರು. ಅರ್ಧ ಗಂಟೆ ನನ್ನ ಮುಖ ನೋಡಲಿಲ್ಲ. ಹೆಗಲ ಮೇಲಿನ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. "ಅಕ್ಕಾ, ಸುಳ್ಳು ಹೇಳ್ಲಿಕತ್ತಾನ" ಅಂತ ನನ್ನ ಜೂನಿಯರ್ ಪಿಸುಗುಟ್ಟಿದ. ನನಗೂ ಹಾಗೇ ಅನಿಸಿತ್ತು.

ಆಮೇಲೆ ಸಣ್ಣ ಸಣ್ಣ ಪ್ರಶ್ನೆ ಕೇಳಿದೆ. ಬದು ಒಡೆದ ದಿನ ಹೊಲದಲ್ಲಿ ಏನಿತ್ತು?

"ತೊಗರಿ ಇತ್ತವ್ವ. ಹೂ ಬಿಟ್ಟಿತ್ತು... ಅಲ್ಲಲ್ಲ, ಕಾಯಿ ಹಿಡದಿತ್ತು, ಎಣ್ಣಿ ಹೊಡದು ಎಂಟು ದಿನ ಆಗಿತ್ತು ನೋಡು."

ಟ್ರ್ಯಾಕ್ಟರ್ ಯಾವ ಬಣ್ಣದ್ದು? "ನೆನಪಿಲ್ಲವ್ವ."

ನಾನು ಕಿವಿಗೊಡುವುದು ಇಂಥ ಮಾತಿಗೆ. ನಡೆದದ್ದನ್ನು ನೆನೆಸಿಕೊಂಡು ಹೇಳುವವರು ನಡುವೆ ತಿದ್ದಿಕೊಳ್ಳುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾರೆ. ಎದುರು ಪಾರ್ಟಿಯವನು ಪಾಟಿ ಸವಾಲಿನಲ್ಲಿ ಎದೆ ಸೆಟೆಸಿ, ನೇರ ನೋಡುತ್ತಾ, ಮೂರು ಸಲ ಕೇಳಿದರೂ ಒಂದಕ್ಷರ ಆಚೀಚೆ ಆಗದ ಹಾಗೆ ಅದೇ ಮಾತು ಹೇಳಿದ. ಆ ದಿನ ನಡೆದದ್ದನ್ನು ರಾತ್ರಿ ಮನೆಗೆ ಬಂದದ್ದರಿಂದ ಶುರು ಮಾಡಿ, ಹಿಂದಕ್ಕೆ ಹಿಂದಕ್ಕೆ ಹೇಳಿ ಅಂದೆ. ಮಾತೇ ನಿಂತುಬಿಟ್ಟಿತು. ಇದೂ ಪಕ್ಕಾ ಅಳತೆಗೋಲಲ್ಲ. ಗಾಬರಿಯಾದ ಒಳ್ಳೆಯವರೂ ತಡವರಿಸುತ್ತಾರೆ, ಅದಕ್ಕೇ ಕಾಗದಪತ್ರದ ಜೊತೆ ತಾಳೆ ನೋಡದೆ ನಾನು ಯಾರ ಬಗ್ಗೆಯೂ ತೀರ್ಮಾನಕ್ಕೆ ಬರುವುದಿಲ್ಲ.

ಸುಳ್ಳು ಹಿಡಿಯುವ ಮಷಿನ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಅಳೆಯುವುದು ನಾಡಿ, ಉಸಿರು, ಬಿಪಿ, ಬೆವರು. ಭಯಕ್ಕೂ ಇವೆಲ್ಲ ಏರುತ್ತವೆ. ಒಪ್ಪಿಗೆ ಇಲ್ಲದೆ ಯಾರಿಗೂ ಆ ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ, ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ, ಹೇಳಿದೆ.

ಮುಂದೆ ಸರ್ವೆಯವರು ಬಂದು ಅಳೆದಾಗ ಬದು ಮೂರು ಅಡಿ ಸರಿದಿತ್ತು. ಅಜ್ಜ ನಾಲ್ಕು ಅಂದಿದ್ದರು. ಈಗ ಕಕ್ಷಿದಾರರು ಮಾತಾಡುವಾಗ ಜೂನಿಯರ್‌ಗೆ ಹೇಳುತ್ತೇನೆ, ಮುಖ ನೋಡಬೇಡಪ್ಪ, ಬರ್ಕೊ.