ಒಳಗೆ 40 ಅಡಿ, ಹೊರಗೆ ಬಂಡಿದಾರಿ

ಹೋದ ಭಾನುವಾರ ಬೆಳಗ್ಗೆ ನಾನೂ ನಮ್ಮ ಚಿಕ್ಕಪ್ಪನೂ ಟೇಪ್ ಹಿಡ್ಕೊಂಡು ನಮ್ಮ ಲೇಔಟ್ ಹೊರಗಿನ ರೋಡ್ ಅಳೀತಾ ನಿಂತಿದ್ವಿ. ಆ ತುದಿ ಚಿಕ್ಕಪ್ಪ, ಈ ತುದಿ ನಾನು. ಎರಡು ನಿಮಿಷ ಆಗಿಲ್ಲ, ಬೇಕರಿಯವರು ಕೈಯಲ್ಲಿ ಬನ್ನು ಇಕ್ಕಳ ಎರಡೂ ಹಿಡ್ಕೊಂಡೇ ಓಡಿ ಬಂದ್ರು, "ಏನ್ ಸಾರ್, ರೋಡ್ ಅಗಲ ಮಾಡ್ತಾರಾ? ಮಾರ್ಕಿಂಗ್ ಎಲ್ಲಿವರ್ಗೂ ಬರುತ್ತೆ?" ಅಂತ. ಇಲ್ಲ ಕಣ್ರೀ ಸುಮ್ನೆ ನಮ್ಮ ಸಮಾಧಾನಕ್ಕೆ ಅಳೀತಿದೀವಿ ಅಂದ್ರೆ ನಂಬ್ಲೇ ಇಲ್ಲ, ಮಧ್ಯಾಹ್ನ ಹಾಲು ತರೋಕೆ ಹೋದಾಗ ನೋಡಿದ್ರೆ ಹೊರಗಿದ್ದ ಫ್ರಿಜ್ಜು ಎರಡಡಿ ಒಳಗೆ ಹೋಗಿತ್ತು. ಟೇಪಿಗಿರೋ ಮರ್ಯಾದೆ ನೋಡಿ.

ಅಳತೆ ಎಷ್ಟು ಬಂತು ಅಂದ್ರೆ, ಟಾರ್ ಇರೋದು 16 ಅಡಿ ಚಿಲ್ರೆ.

ನಾವಿರೋದು ಹಾಸನದಲ್ಲಿ, ಸಾಲಗಾಮೆ ರೋಡಿಂದ ಒಳಗೆ ತಿರುಗಿ ಹೋಗ್ಬೇಕು. ಮೊದ್ಲು ಅಲ್ಲಿ ಇದ್ದಿದ್ದು ಜೋಳದ ಹೊಲ, ಆಲೂಗಡ್ಡೆ, ಒಂದೆರಡು ತೆಂಗಿನ ತೋಟ. ಚಿಕ್ಕಪ್ಪಂದೂ ಅಲ್ಲೇ ಜಮೀನಿತ್ತು, ಒಂದೆಕ್ರೆ ಉಳಿಸ್ಕೊಂಡು ಮಿಕ್ಕಿದ್ದು ಕೊಟ್ಬಿಟ್ರು. ಈಗ ಅದೇ ದಾರಿಗೆ ನಾಲ್ಕು ಲೇಔಟ್ ಬಾಯಿ ಬಿಟ್ಕೊಂಡಿದಾವೆ. ಲೇಔಟ್ ಒಳಗೆ ಹೋದ್ರೆ ನಿಜ ಹೇಳ್ಬೇಕು ಅಂದ್ರೆ ಚೆನ್ನಾಗಿದೆ, ಕಮಾನು, ಮೇನ್ ರೋಡ್ 40 ಅಡಿ, ಕ್ರಾಸ್‌ಗಳು 30 ಅಡಿ, ಎರಡೂ ಕಡೆ ಚರಂಡಿ, ಒಂದು ಪಾರ್ಕು. ಕಮಾನು ದಾಟಿ ಹೊರಗೆ ಕಾಲಿಟ್ರೆ ಮಾತ್ರ ನಮ್ಮಜ್ಜನ ಕಾಲದ ಬಂಡಿದಾರಿ. ನಕಾಶೆ ಕಂಡ ದಾರಿ ಅಂತಾರಲ್ಲ, ಹಳೇ ಸರ್ವೆ ನಕ್ಷೆಯಲ್ಲಿ ಗುರುತಿರೋ ದಾರಿ, ಅದೇ, ಅದರ ಮೇಲೆ ಟಾರ್ ಬಳಿದಿದಾರೆ ಅಷ್ಟೆ. ಇನ್ನೊಂದು ತಮಾಷೆ ಅಂದ್ರೆ ನಾಲ್ಕು ಲೇಔಟೂ ಪಕ್ಕಪಕ್ಕದಲ್ಲೇ ಇದ್ರೂ ಒಂದರಿಂದ ಒಂದಕ್ಕೆ ದಾರಿ ಇಲ್ಲ, ನಮ್ಮ ಮೂರನೇ ಕ್ರಾಸ್ ಹೋಗಿ ಪಕ್ಕದ ಲೇಔಟ್ ಕಾಂಪೌಂಡಿಗೆ ಗುದ್ದಿ ನಿಲ್ಲುತ್ತೆ, ಆ ಕಡೆ ಅವರ ಎರಡನೇ ಕ್ರಾಸೂ ಅದೇ ಗೋಡೆಗೆ ಬಂದು ನಿಂತಿದೆ. ಆ ಒಂಬತ್ತಿಂಚಿನ ಗೋಡೆ ಒಡೆದ್ರೆ ಅರ್ಧ ಗಾಡಿ ಒಳಗಿಂದೊಳಗೇ ಹೋಗ್ತವೆ. ಹೇಳಿ ನೋಡಿ, ಎರಡೂ ಕಡೆಯವರು ಜಗಳಕ್ಕೇ ಬರ್ತಾರೆ, ನಮ್ಮ ಮನೆ ಮುಂದೆ ಗಾಡಿ ಜಾಸ್ತಿ ಆಗುತ್ತೆ ಅಂತ.

ಬೆಳಗ್ಗೆ ಎಂಟೂವರೆಗೆ ಆ 16 ಅಡಿಯಲ್ಲಿ ಏನಾಗುತ್ತೆ ಅಂತ ಹೇಳೋದೇ ಬೇಡ. ಮೊನ್ನೆ ಬುಧವಾರ ಒಂದು ಕಡೆಯಿಂದ ಸ್ಕೂಲ್ ಬಸ್ಸು, ಎದುರಿಗೆ ಶುಂಠಿ ಮೂಟೆ ಹೊತ್ತ ಟ್ರ್ಯಾಕ್ಟರ್ ಟ್ರೈಲರ್ರು. ಟ್ರೈಲರ್ ಹಿಂದಕ್ಕೆ ತಗೊಳ್ಳೋದು ಎಷ್ಟು ಕಷ್ಟ ಅಂತ ಓಡಿಸಿದವರಿಗೇ ಗೊತ್ತು, ಬಸ್ ಹಿಂದೆ ಆಗ್ಲೇ ಆರು ಕಾರು, ಲೆಕ್ಕವಿಲ್ಲದಷ್ಟು ಸ್ಕೂಟ್ರು. ಕೊನೆಗೆ ಟ್ರ್ಯಾಕ್ಟರಿನವನು ಇಳಿದು ಬೇಕರಿಯಲ್ಲಿ ಟೀ ತಗೊಂಡ. ಅವನನ್ನ ಬೈಯೋಕೂ ಮನಸ್ಸು ಬರ್ಲಿಲ್ಲ ಬಿಡಿ, ಆ ದಾರಿಗೆ ನಮಗಿಂತ ಹಳಬ ಅವನೇ.

ನಾನು ಓದಿದ್ದು ಸಿವಿಲ್ಲು, ಮಾಡ್ತಿರೋ ಕೆಲಸ ಬೇರೆ, ಆದ್ರೂ ಹಳೇ ಪಾಠ ಒಂಚೂರು ತಲೇಲಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂತ ರೋಡ್ ಎಂಜಿನಿಯರ್‌ಗಳ ಸಂಸ್ಥೆ ಇದೆ, ಅವರು 1990ರಲ್ಲಿ ಸಿಟಿ ರೋಡುಗಳ ಕೆಪಾಸಿಟಿಗೆ ಅಂತ ಒಂದು ಗೈಡ್‌ಲೈನ್ ಮಾಡಿದಾರೆ. ಎಲ್ಲಾ ಗಾಡೀನೂ ಕಾರಿನ ಲೆಕ್ಕಕ್ಕೆ ತರ್ತಾರೆ, ಪ್ಯಾಸೆಂಜರ್ ಕಾರ್ ಯೂನಿಟ್, ಪಿಸಿಯು ಅಂತ. ಕಾರು 1, ಬೈಕು ಅರ್ಧ ಮುಕ್ಕಾಲು, ಬಸ್ಸು 2.2ರಿಂದ 3.7, ಟ್ರ್ಯಾಕ್ಟರ್ ಟ್ರೈಲರ್ರು 4ರಿಂದ 5. ಅಂದ್ರೆ ಬುಧವಾರದ ಆ ಶುಂಠಿ ಗಾಡಿ ಒಂದೇ ನಾಲ್ಕೈದು ಕಾರಿಗೆ ಸಮ. ಅದೇ ಲೆಕ್ಕದಲ್ಲಿ ನೋಡಿದ್ರೆ ನಲವತ್ತು ಜನ ಕೂತಿರೋ ಸಿಟಿ ಬಸ್ಸೂ ಎರಡರಿಂದ ನಾಲ್ಕು ಕಾರಿನ ಜಾಗ ತಿನ್ನುತ್ತೆ ಅಷ್ಟೆ, ಆದ್ರೆ ನಮ್ಮ ಕಡೆ ಸಿಟಿ ಬಸ್ಸು ಒಳಗೆ ಬರೋದೇ ಇಲ್ಲ ಅನ್ನೋದು ಬೇರೆ ಮಾತು.

ನನಗೆ ತುಂಬಾ ಕಣ್ಣಿಗೆ ಬಿದ್ದಿದ್ದು ಅದಲ್ಲ. ಎರಡು ಲೇನಿನ, ಎರಡೂ ಕಡೆ ಓಡಾಡೋ ರೋಡಿಗೆ ಅವರು ಗಂಟೆಗೆ 1500 ಪಿಸಿಯು ಅಂತಾರೆ, ಯಾವಾಗ ಅಂದ್ರೆ ಪಕ್ಕದಲ್ಲಿ ಗಾಡಿ ನಿಲ್ಸಿರಬಾರದು, ಸೈಟು ಅಂಗಡಿಗಳ ಗೇಟು ನೇರ ರೋಡಿಗೆ ತೆರ್ಕೊಂಡಿರಬಾರದು. ಗೇಟು ಇದ್ರೆ 1200. ಗೇಟೂ ಇದ್ದು, ಗಾಡೀನೂ ನಿಂತಿದ್ದು, ಅಡ್ಡ ನುಗ್ಗೋರೂ ಇದ್ರೆ 900. ಟಾರ್ ಅಷ್ಟೇ ಇದೆ ನೋಡಿ, ಒಂದಿಂಚೂ ಕಮ್ಮಿ ಆಗಿಲ್ಲ, ಕೆಪಾಸಿಟಿ ಮಾತ್ರ 600 ಹೋಯ್ತು. ಒಂದು ಕಾಂಪ್ಲೆಕ್ಸ್ ಎದ್ದಿತು ಅಂದ್ರೆ ಅಲ್ಲಿಗೆ ಬರೋ ಗಾಡಿ ರೋಡಿಗೆ ಸೇರೋದು ಒಂದು, ಆ ಗಾಡಿಗಳು ಬೇಸ್‌ಮೆಂಟಲ್ಲಿ ಜಾಗ ಇಲ್ಲದೆ ರೋಡಲ್ಲೇ ನಿಂತು ಇರೋ ರೋಡನ್ನೂ ನುಂಗೋದು ಇನ್ನೊಂದು. ಮುಹೂರ್ತದ ದಿನ ಯಾವುದಾದ್ರೂ ಕಲ್ಯಾಣ ಮಂಟಪದ ಮುಂದೆ ನಿಂತ್ಕೊಂಡು ನೋಡಿ, ನಾನು ಹೇಳಿದ್ದು ಕಣ್ಣಿಗೇ ಕಾಣುತ್ತೆ. ನಮ್ಮ ದಾರಿ ಈ ಪಟ್ಟಿಯಲ್ಲಿ ಬರೋದೇ ಇಲ್ಲ, ಎರಡು ಲೇನ್ ಅನ್ನಿಸ್ಕೊಳ್ಳೋಕೆ 7 ಮೀಟರ್ ಬೇಕು, 23 ಅಡಿ.

ನಮ್ಮಕ್ಕನ ಯಜಮಾನ್ರು ಅಮೆರಿಕದಲ್ಲಿ ಸಿಯಾಟಲ್ ಕಡೆ ಇದಾರೆ. ಫೋನಲ್ಲಿ ಹಿಂಗೇ ಗೋಳಾಡ್ತಿದ್ದಾಗ ಭಾವ ಅಂದ್ರು, ಅವರ ವಾಷಿಂಗ್ಟನ್ ರಾಜ್ಯದಲ್ಲಿ 1990ರ ಒಂದು ಕಾನೂನು ಇದೆಯಂತೆ. ರೋಡಲ್ಲಿ ಗಾಡಿಗಳು ಇಷ್ಟು ಸರಾಗವಾಗಿ ಓಡಾಡ್ಲೇಬೇಕು ಅಂತ ಊರಿನವರು ಮೊದ್ಲೇ ಬರೆದಿಡ್ಬೇಕು, ಹೊಸ ಕಟ್ಟಡದಿಂದ ಅದಕ್ಕಿಂತ ಕೆಳಗೆ ಬೀಳೋ ಹಾಗಿದ್ರೆ ಪರ್ಮಿಷನ್ ಕೊಡಂಗಿಲ್ಲ, ಕೊಡ್ಬೇಕು ಅಂದ್ರೆ ರೋಡಿನ ಕೆಲಸ ಆಗ್ಲೇ ಆಗಿರ್ಬೇಕು ಇಲ್ಲಾ 6 ವರ್ಷದೊಳಗೆ ಮುಗಿಸೋಕೆ ದುಡ್ಡಿನ ವ್ಯವಸ್ಥೆ ಗ್ಯಾರಂಟಿ ಇರ್ಬೇಕು. ಆಹಾ ಅನ್ನಿಸ್ತು. ಆಮೇಲೆ ಓದಿ ನೋಡಿದ್ರೆ ಅದೂ ಪೂರ್ತಿ ಸಿಹಿ ಅಲ್ಲ. ಫ್ಲಾರಿಡಾದಲ್ಲಿ 1985ರಲ್ಲೇ ಇಂಥದ್ದು ತಂದಿದ್ರು, ಊರೊಳಗೆ ರೋಡ್ ತುಂಬಿದೆ ಅಂತ ಬಿಲ್ಡರ್‌ಗಳೆಲ್ಲಾ ಖಾಲಿ ರೋಡು ಹುಡುಕ್ಕೊಂಡು ಇನ್ನೂ ಆಚೆಗೆ ಹೋದ್ರು, 2011ರಲ್ಲಿ ರಾಜ್ಯದವರು ರೋಡಿನ ಮಟ್ಟಿಗೆ ಆ ಕಡ್ಡಾಯ ತೆಗೆದ್ರು. ಇಲ್ಲಿ ಹಂಗೇ ತಂದ್ರೆ ಎಲ್ಲರೂ ಗೊರೂರು ರೋಡು ಬೇಲೂರು ರೋಡು ಅಂತ ಹೊಲ ಹುಡುಕ್ಕೊಂಡು ಹೋಗ್ತಾರೆ, ಅದರಲ್ಲಿ ಅನುಮಾನ ಇಲ್ಲ.

ಆದ್ರೆ ಅಷ್ಟು ದೂರ ಹೋಗೋದೇ ಬೇಡ. ನಮ್ಮಲ್ಲೂ ಲೇಔಟ್ ಮಾಡಿದವರಿಗೆ ಎಲ್ಲಾ ಸೈಟೂ ಒಂದೇ ಸಲ ಮಾರೋಕೆ ರಿಲೀಸ್ ಮಾಡಲ್ಲ, ಚರಂಡಿ ಆಯ್ತಾ, ಕರೆಂಟ್ ಬಂತಾ, ರೋಡ್ ಹಾಕಿದ್ರಾ ಅಂತ ನೋಡ್ಕೊಂಡು ಹಂತಹಂತವಾಗಿ ಬಿಡೋದು. ಒಳಗಿನ ರೋಡಿಗೆ ಹಾಕಿರೋ ಆ ಕೊಕ್ಕೇನ ಕಮಾನಿನ ಹೊರಗಿಗೂ ಹಾಕಿದ್ರೆ ಆಯ್ತಲ್ಲ? ಕೊನೇ ಕಂತಿನ ಸೈಟು ಬಿಡ್ಬೇಕು ಅಂದ್ರೆ ಹೊರಗಿನ ದಾರಿ 23 ಅಡಿ ಆಗಿರ್ಬೇಕು, ಪಕ್ಕದ ಲೇಔಟಿಗೆ ಒಂದು ಕ್ರಾಸಾದ್ರೂ ಕೂಡಿರ್ಬೇಕು. ಸೈಟ್ ರೇಟ್ ಜಾಸ್ತಿ ಆಗುತ್ತೆ ಅಂತೀರಾ, ಆಗ್ಲಿ, ಈಗ ಆ ದುಡ್ಡನ್ನ ಪೆಟ್ರೋಲಿಗೆ ಕೊಡ್ತಿಲ್ವಾ. ಹಾಸನಾಂಬ ಬಾಗಿಲು ತೆಗೆಯೋ ದಿನಗಳಲ್ಲಿ ಎಲ್ಲಿ ಒನ್‌ವೇ, ಎಲ್ಲಿ ಪಾರ್ಕಿಂಗು, ಬಸ್ಸು ಎಲ್ಲಿ ತಿರುಗಬೇಕು ಅಂತ ಕೂತು ಲೆಕ್ಕ ಹಾಕೋ ಊರಿದು, ಲೆಕ್ಕ ಬರಲ್ಲ ಅನ್ನಂಗಿಲ್ಲ. ಮನೆ ಕಟ್ಟಿದ್ಮೇಲೆ ರೋಡ್ ಅಗಲ ಮಾಡೋಕೆ ಹೋದ್ರೆ ಯಾರದ್ದೋ ಮೆಟ್ಲು ಯಾರದ್ದೋ ಸಂಪು ಒಡೀಬೇಕು, ಪರಿಹಾರ, ಸ್ಟೇ, ಕೋರ್ಟು. ಹೊಲ ಆಗಿದ್ದಾಗ ಏಳಡಿ ಬಿಡಿಸ್ಕೊಳ್ಳೋದು ಎಷ್ಟು ಸುಲಭ ಇತ್ತು.

ಚಿಕ್ಕಪ್ಪ ಹೇಳೋದು, ನಕಾಶೆಯಲ್ಲಿ ಆ ದಾರಿ ಇದಕ್ಕಿಂತ ಅಗಲ ಇದೆ, ಎರಡೂ ಕಡೆಯಿಂದ ಒತ್ತುವರಿ ಆಗಿ ಹಿಂಗಾಗಿರೋದು, ಎರಡು ಜೋಡೆತ್ತಿನ ಗಾಡಿ ಎದುರುಬದುರು ಬಂದ್ರೂ ಮೂಕಿ ತಗುಲ್ತಿರ್ಲಿಲ್ಲ ಅಂತ. ಉಳಿದಿರೋ ಒಂದೆಕ್ರೆ ಲೆಕ್ಕದಲ್ಲಿ ಅವರು ಹದ್ದುಬಸ್ತಿಗೆ ಅರ್ಜಿ ಹಾಕಿದಾರೆ, ಸರ್ವೆಯವರು ಬಂದು ಕಲ್ಲು ನೆಟ್ರೆ ನಮ್ಮ ಕಡೆಯದ್ದಾದ್ರೂ ಗೊತ್ತಾಗುತ್ತೆ. ನಮ್ಮ ಬೇಲೀನೇ ದಾರಿಯೊಳಗೆ ಬಂದಿದ್ರೆ ಅಂತ ಕೇಳಿದೆ. ಕಿತ್ತು ಹಾಕೋದು ಕಣೋ, ಇನ್ನೇನ್ ಮಾಡೋದು ಅಂದ್ರು, ಆದ್ರೆ ಸ್ವಲ್ಪ ಹೊತ್ತು ಸುಮ್ನಿದ್ದು ಅಂದ್ರು. ಡೇಟ್ ಇನ್ನೂ ಬಂದಿಲ್ಲ. ಈ ಕಡೆ ಪಕ್ಕದ ತೆಂಗಿನ ತೋಟಕ್ಕೆ ನೆನ್ನೆ ಜೆಸಿಬಿ ಬಂದಿದೆ, ನಲವತ್ತಡಿ ಮೇನ್ ರೋಡಂತೆ, ಕಮಾನಿಗೆ ಗುಂಡಿ ತೋಡ್ತಿದಾರೆ.