ಚಿನ್ನದ ಕೆಂಪು ಗೆರೆ

ಧಾರವಾಡದ ಸಪ್ತಾಪುರದ ಔಷಧ ಅಂಗಡಿಯಲ್ಲಿ ದೊರೆಯುವ ಗರ್ಭ ಪರೀಕ್ಷೆಯ ಪಟ್ಟಿಯ ಕೆಂಪು ಗೆರೆ ಬಹುತೇಕ ಚಿನ್ನದ್ದೇ ಎಂದರೆ, ಚಿನ್ನದ ಇಂದಿನ ಧಾರಣೆ ಬಲ್ಲವರು ನಕ್ಕಾರು. ಸುಮಾರು 40 ನ್ಯಾನೋಮೀಟರ್ (ಮೀಟರಿನ ಶತಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್) ಗಾತ್ರದ ಚಿನ್ನದ ಕಣಗಳಲ್ಲಿ ಎಲೆಕ್ಟ್ರಾನುಗಳು ಹಸಿರು ಬೆಳಕಿಗೆ ಒಟ್ಟಾಗಿ ತುಯ್ದಾಡಿ ಅದನ್ನು ಹೀರಿಕೊಳ್ಳುವುದರಿಂದ, ಉಳಿದ ಕೆಂಪು ಕಣ್ಣಿಗೆ ಬೀಳುತ್ತದೆ. ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು, ಅಂದರೆ ಗೊತ್ತಾದ ಅಣುವನ್ನೇ ಹಿಡಿಯುವ ಪ್ರೋಟೀನುಗಳು, ಗರ್ಭಿಣಿಯ ಮೂತ್ರದಲ್ಲಿರುವ ಎಚ್‌ಸಿಜಿ ಹಾರ್ಮೋನನ್ನು ಹಿಡಿದು, ಪಟ್ಟಿಯ ತೇವದೊಂದಿಗೆ ಮುಂದೆ ಸಾಗಿ, ಗೆರೆಯ ಜಾಗದಲ್ಲಿ ನೆಲೆನಿಲ್ಲಿಸಿದ ಇನ್ನೊಂದು ಪ್ರತಿಕಾಯಕ್ಕೆ ಸಿಕ್ಕಿಬೀಳುತ್ತವೆ. ಕರೆಂಟು, ಯಂತ್ರ ಯಾವುದನ್ನೂ ಬೇಡದ ಕಾರಣ ಹಾವೇರಿ ಜಿಲ್ಲೆಯ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಜೀವಾಣುಗಳಿಂದಲೇ ಗುರುತು ಹಿಡಿಯುವ ಇಂಥ ಸಾಧನವೇ, ಅಂದರೆ ಜೈವಿಕ ಅಣುಗಳನ್ನು ಬಳಸುವ ಸಂವೇದಕವೇ, ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅಸಂಖ್ಯ ಕಣಗಳು ಒಂದೆಡೆ ಸೇರದೆ ಗೆರೆ ಕಾಣದು. ಒಂದೊಂದೇ ಅಣುವನ್ನು ಗುರುತಿಸಲು ಬೇರೆ ದಾರಿಯೇ ಬೇಕು: ನ್ಯಾನೋರಂಧ್ರದಲ್ಲಿ, ಅಂದರೆ ಕೆಲವೇ ನ್ಯಾನೋಮೀಟರ್ ಅಗಲದ ತೂತಿನಲ್ಲಿ, ಡಿಎನ್‌ಎ ಎಳೆ ನುಸುಳುವಾಗ ಅದರ ಮೂಲಕ ಹರಿಯುವ ಅಯಾನುಗಳ (ವಿದ್ಯುದಾವೇಶವುಳ್ಳ ಕಣಗಳ) ಪ್ರವಾಹ ಕ್ಷಣಮಾತ್ರ ಕುಗ್ಗುವುದನ್ನು ಅಳೆಯಬಹುದೆಂದು 1996ರಲ್ಲಿ ತೋರಿಸಲಾಯಿತು.