ಬರೆದುಕೊಳ್ಳಿ ಮೇಡಂ

"ಇವನು ಚಿಕ್ಕಂದಿನಿಂದಲೂ ಕಳ್ಳನೇ, ಬರೆದುಕೊಳ್ಳಿ ಮೇಡಂ" ಎಂದು ತೋಟದ ಲೆಕ್ಕ, ಹಾಜರಿ ಬರೆಯುವ ರೈಟರು ಹೇಳಿದಾಗ, ನನ್ನ ಬಳಿ ತರಬೇತಿಯಲ್ಲಿರುವ ಹೊಸ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಪೆನ್ನಿನ ಮುಚ್ಚಳ ಹಾಕಿ, "ಸರ್, ಬಾಲನ್ಯಾಯ ಮಂಡಳಿಯೇ ಇನ್ನೂ ಹಾಗೆ ಹೇಳಿಲ್ಲ, ನಾನು ಹೇಗೆ ಬರೆಯಲಿ?" ಎಂದರು. ಈ ವಾರವಿಡೀ ಆ ಮಾತು ನನ್ನ ಕಿವಿಯಲ್ಲಿದೆ.

ದಕ್ಷಿಣ ಕೊಡಗಿನ ಕಾಫಿ ತೋಟವೊಂದರ ಲೈನ್ ಮನೆ, ಅಂದರೆ ಕಾರ್ಮಿಕರ ಸಾಲುಮನೆ; ಕಣದಲ್ಲಿ ಒಣಗಲು ಹಾಕಿದ್ದ ಕರಿಮೆಣಸು ಕಾಣೆಯಾಗಿ, ಅಲ್ಲಿನ ಹುಡುಗನೊಬ್ಬನ ಮೇಲೆ ಆರೋಪ ಬಂದ ಪ್ರಕರಣ. ಇದಕ್ಕಿಂತ ಹೆಚ್ಚಿಗೆ ನಾನು ಹೇಳುವಂತಿಲ್ಲ; 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮಗುವಿನ ಗುರುತನ್ನು ಬಯಲು ಮಾಡುವುದನ್ನು ನಿಷೇಧಿಸುತ್ತದೆ.

ಮಗುವನ್ನು ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ ದಿನದಿಂದ 15 ದಿನಗಳೊಳಗೆ ನಾವು ಅವನ ಮನೆ, ಪರಿಸ್ಥಿತಿಗಳನ್ನು ತಿಳಿಸುವ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು. ತಪ್ಪು ಸಾಬೀತಾದರೆ, ಬುದ್ಧಿ ಹೇಳಿ ಮನೆಗೆ ಕಳಿಸುವುದರಿಂದ ಹಿಡಿದು ಗರಿಷ್ಠ 3 ವರ್ಷ ವಿಶೇಷ ಗೃಹದಲ್ಲಿರಿಸುವವರೆಗೆ ಮಂಡಳಿ ಯಾವ ಆದೇಶ ಕೊಡಬೇಕೆಂದು ಯೋಚಿಸುವಾಗ ಕೈಯಲ್ಲಿ ಹಿಡಿಯುವುದು ಇದೇ ವರದಿಯನ್ನು. ನಮೂನೆ ತುಂಬುವುದನ್ನು ಕಚೇರಿಯಲ್ಲಿ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಯಾರ ಮಾತು ಯಾವ ಕಾಲಂಗೆ ಸೇರಬೇಕು, ಯಾವ ಮಾತನ್ನು ಕೇಳಿಸಿಕೊಂಡು ಅಲ್ಲಿಗೇ ಬಿಡಬೇಕು ಎಂಬುದನ್ನು ಕಲಿಯಲು ಲೈನ್ ಮನೆಯ ಜಗಲಿಯ ಮೇಲೆಯೇ ಕುಳಿತುಕೊಳ್ಳಬೇಕು. ಹೊಸಬರ ಕೈಗೆ ಮೊದಲು ಕಡತಗಳನ್ನು ಕೊಟ್ಟು, ಮನೆ ಭೇಟಿಯನ್ನು ಆಮೇಲಿನ ಕೆಲಸವೆಂದು ಭಾವಿಸುವ ಪದ್ಧತಿ ನನಗೆ ಎಂದೂ ಸರಿಯೆನಿಸಿಲ್ಲ.

ರೈಟರು ಕೆಟ್ಟವರಲ್ಲ. ಮೆಣಸು ಕಡಿಮೆಯಾದರೆ ಮಾಲೀಕರಿಗೆ ಉತ್ತರ ಕೊಡಬೇಕಾದವರು ಅವರೇ. ಆದರೆ ಹುಡುಗನ ಅಜ್ಜಿಗೆ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಬಾಗಿಲಲ್ಲಿ ನಿಂತು ತಾವೇ ಉತ್ತರಿಸುತ್ತಿದ್ದರು. ತನ್ನ ಹಾಜರಿ ಬರೆಯುವವರ ಎದುರು ಆ ಮುದುಕಿ ಬಾಯಿ ಬಿಡುವುದಾದರೂ ಹೇಗೆ? "ಮನೆಯವರ ಜೊತೆ ಸ್ವಲ್ಪ ಹೊತ್ತು ಬೇರೆಯಾಗಿ ಮಾತಾಡಬೇಕು ಸರ್, ನಿಮ್ಮ ಹೇಳಿಕೆಯನ್ನು ಆಮೇಲೆ ಕಣದ ಹತ್ತಿರ ಬಂದು ತೆಗೆದುಕೊಳ್ಳುತ್ತೇನೆ" ಎಂದು ಈಕೆ ವಿನಯದಿಂದಲೇ ಕೇಳಿಕೊಂಡರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ರೈಟರು ಹೋದ ಮೇಲೆ ಅಜ್ಜಿ ಮಾತಾಡಿದರು. ಮಗಳು ಮಳೆಗಾಲದಲ್ಲಿ ಹಾಸಿಗೆ ಹಿಡಿದಳು, ಮನೆಯಲ್ಲಿ ಕೂಸಿತ್ತು, ತಾನು ಕೆಲಸಕ್ಕೆ ಹೋಗದಿದ್ದರೆ ಒಲೆ ಉರಿಯುತ್ತಿರಲಿಲ್ಲ, ಕೂಸನ್ನು ನೋಡಿಕೊಳ್ಳಲು ಹುಡುಗನೇ ಉಳಿದ ಎಂದರು. ಶಾಲೆ ಬಿಟ್ಟ ಕಾರಣವನ್ನು ಕೇಳುವ ಕಾಲಂನಲ್ಲಿ "ಆಸಕ್ತಿ ಇಲ್ಲ" ಎಂಬ ಎರಡೇ ಪದಗಳನ್ನು ನಾನು ಎಷ್ಟೋ ವರದಿಗಳಲ್ಲಿ ಓದಿದ್ದೇನೆ, ಓದಿದಾಗಲೆಲ್ಲ ಸಂಕಟಪಟ್ಟಿದ್ದೇನೆ. ಹದಿನೆಂಟು ತುಂಬುವವರೆಗೆ ಮಗುವಿಗೆ ದುರುದ್ದೇಶವಿಲ್ಲವೆಂದೇ ಭಾವಿಸಬೇಕು, ಕಳಂಕ ಹಚ್ಚುವ ಪದಗಳನ್ನು ಬಳಸಬಾರದು ಎಂದು ಕಾಯ್ದೆಯ 3ನೇ ಕಲಂ ಹೇಳುತ್ತದೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ. ವಯಸ್ಸಿನಲ್ಲಿ ಹಿರಿಯರಾದ, ಊರಿನಲ್ಲಿ ಮಾತು ನಡೆಯುವ ಒಬ್ಬರು ಎದುರಿಗೆ ನಿಂತು "ಬರೆದುಕೊಳ್ಳಿ" ಎಂದಾಗಲೂ ಅದನ್ನು ನೆನಪಿಟ್ಟುಕೊಂಡವರನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಆಮೇಲೆ ಕಣದಲ್ಲಿ ರೈಟರನ್ನು ಈಕೆ ಕೇಳಿದ ಮೊದಲ ಪ್ರಶ್ನೆ, ಅವರು ಈ ತೋಟಕ್ಕೆ ಬಂದು ಎಷ್ಟು ಕಾಲವಾಯಿತು ಎಂಬುದು. ಎರಡು ವರ್ಷ ಎಂದರು. ಅದನ್ನು ಅವರ ಹೇಳಿಕೆಯಾಗಿಯೇ ವರದಿಯಲ್ಲಿ ಸೇರಿಸಿದ್ದೇವೆ. ಶಿಫಾರಸಿನಲ್ಲಿ ಹುಡುಗನ ಮರುದಾಖಲಾತಿಯ ಜೊತೆಗೆ ಕೂಸನ್ನು ಅಂಗನವಾಡಿಗೆ ಸೇರಿಸುವ ಮಾತನ್ನೂ ಈಕೆ ಬರೆದಿದ್ದಾರೆ. ಆ ಸಾಲನ್ನು ನಾನು ತಿದ್ದಲಿಲ್ಲ. ಮುಂದಿನ ವಾರ ಶಾಲೆಯ ಮುಖ್ಯಶಿಕ್ಷಕರನ್ನು ಕಾಣಲು ಈಕೆಯೊಬ್ಬರೇ ಹೋಗುತ್ತಾರೆ.